ಫ್ರಿಜ್ ಮಲಗಿಸಿದರೆ ಗ್ಯಾಸ್ ಹೋಗುತ್ತದೆಯೇ?

ಪ್ರಶ್ನೆ: ಜುಲೈ ಕೊನೆಗೆ ನಾವು ಡೊಂಬಿವಲಿಯಿಂದ ಪುಣೆಯ ವಾಕಡ್‌ಗೆ ಮನೆ ಬದಲಿಸುತ್ತಿದ್ದೇವೆ. ಸುಮಾರು 250 ಲೀಟರಿನ, ಎಂಟು ವರ್ಷ ಹಳೆಯ ಡಬಲ್ ಡೋರ್ ಫ್ರಿಜ್ ಇದೆ. ಚೆನ್ನಾಗಿಯೇ ನಡೆಯುತ್ತಿದೆ, ಕೆಳಗಿನ ಬಾಗಿಲಿನ ರಬ್ಬರ್ ಮಾತ್ರ ಒಂದು ಮೂಲೆಯಲ್ಲಿ ಹರಿದಿದೆ. ಟೆಂಪೋದಲ್ಲಿ ಮಲಗಿಸಿಯೇ ಒಯ್ಯಬೇಕಾಗುತ್ತದೆ ಎಂದು ಪ್ಯಾಕರ್ಸ್‌ನವರು ಹೇಳುತ್ತಾರೆ. ಮಲಗಿಸಿದರೆ ಗ್ಯಾಸ್ ಹೋಗುತ್ತದೆ, ಅಲ್ಲಿ ಹೋದ ಮೇಲೆ ಹಾಕಿಸಲೇಬೇಕು, ಮೂರೂವರೆ ಸಾವಿರ ಆಗುತ್ತದೆ ಎಂದು ಇಲ್ಲಿನ ಮೆಕ್ಯಾನಿಕ್ ಈಗಲೇ ಹೇಳಿಟ್ಟಿದ್ದಾರೆ. ಪಕ್ಕದ ಮನೆಯವರು 24 ಗಂಟೆ ಆನ್ ಮಾಡಬೇಡಿ ಎನ್ನುತ್ತಾರೆ. ರಬ್ಬರ್ ತರಿಸೋಣವೆಂದರೆ ಮಾಡೆಲ್ ಯಾವುದೆಂದೇ ಗೊತ್ತಿಲ್ಲ. ಇದರ ಜತೆಗೆ ಅತ್ತೆಯವರ ಹದಿನೈದು ವರ್ಷದ ಸಿಂಗಲ್ ಡೋರ್ ಫ್ರಿಜ್ ಒಂದಿದೆ. ಅದರಲ್ಲಿ ಐಸ್ ಗಡ್ಡೆ ಕಟ್ಟುತ್ತದೆ, ಬಿಟ್ಟುಬರಲು ಅವರಿಗೆ ಮನಸ್ಸಿಲ್ಲ. ಅದನ್ನೂ ಒಯ್ಯಬಹುದೇ?

ಉತ್ತರ: ಮೊದಲು ಗ್ಯಾಸಿನ ಮಾತು ಮುಗಿಸೋಣ, ಏಕೆಂದರೆ ನಿಮ್ಮ ಹಣ ಸುಮ್ಮನೆ ಹೋಗುವುದಿದ್ದರೆ ಅಲ್ಲಿಯೇ. ಫ್ರಿಜ್ಜಿನ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಖರ್ಚಾಗುವ ವಸ್ತುವಲ್ಲ. ಕಾರ್ಖಾನೆಯಲ್ಲಿ ತೂಕ ಮಾಡಿ ತುಂಬಿಸಿ, ಪೈಪಿನ ಬಾಯಿ ಬೆಸೆದು ಮುಚ್ಚಿದ ಮೇಲೆ ಅದೇ ಗ್ಯಾಸ್ ಒಳಗೇ ಸುತ್ತುತ್ತಿರುತ್ತದೆ. ಇಪ್ಪತ್ತು ವರ್ಷ ನಡೆದರೂ ಒಂದು ಗ್ರಾಂ ಕಡಿಮೆಯಾಗಬೇಕಿಲ್ಲ. ಮಲಗಿಸಿದರೂ ತಲೆಕೆಳಗು ಮಾಡಿದರೂ ಅದು ಹೊರಬರುವ ದಾರಿ ಇಲ್ಲ. ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸ್ ಹಾಕಿಸಿದರೆ ಹಾಕಿದ್ದೂ ಅದೇ ದಾರಿಯಲ್ಲಿ ಹೋಗುತ್ತದೆ. ಆದ್ದರಿಂದ ಫ್ರಿಜ್ ಇನ್ನೂ ಮನೆ ಬಿಡುವ ಮೊದಲೇ, ಅಲ್ಲಿ ಹೋಗಿ ಗ್ಯಾಸ್ ಹಾಕಿಸಲೇಬೇಕು ಎಂದು ಹೇಳುವುದಕ್ಕೆ ಆಧಾರವಿಲ್ಲ.

ಹಾಗಾದರೆ ಮಲಗಿಸಬಾರದು ಎನ್ನುವುದೇಕೆ? ಕಾರಣಗಳು ಬೇರೆ, ಮತ್ತು ಅವು ನಿಜವಾದವು. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಕಪ್ಪು ಕವಚದೊಳಗೆ ಪಂಪು ಮತ್ತು ಮೋಟಾರು ಸ್ಪ್ರಿಂಗುಗಳ ಮೇಲೆ ನಿಂತಿರುತ್ತವೆ. ತಳದಲ್ಲಿ ಕಾಲು ಲೀಟರ್ ಆಸುಪಾಸು ಎಣ್ಣೆ ಇರುತ್ತದೆ. ಫ್ರಿಜ್ ಮಲಗಿಸಿದಾಗ ಈ ಎಣ್ಣೆ ಪೈಪುಗಳಿಗೆ ಹರಿಯಬಹುದು. ಆ ದಾರಿಯಲ್ಲಿ ಕೆಪಿಲರಿ ಎಂಬ ತೆಳು ಕೊಳವೆ ಇದೆ, ಅದರ ಒಳಗಿನ ತೂತು ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಎಣ್ಣೆ ಅಲ್ಲಿ ಸಿಕ್ಕಿಕೊಂಡರೆ ಕಂಪ್ರೆಸರ್ ಓಡುತ್ತದೆ, ತಂಪಾಗುವುದಿಲ್ಲ. ಇತ್ತ ಪಂಪಿಗೆ ಎಣ್ಣೆ ಸಾಲದೆ ಸವೆತವೂ ಆಗುತ್ತದೆ. ಎರಡನೆಯದು ಸ್ಪ್ರಿಂಗ್. ಅಡ್ಡ ಮಲಗಿದ ಫ್ರಿಜ್ ಖಂಡಾಲಾ ಘಾಟಿನ ತಿರುವಿನಲ್ಲಿ, ಮಳೆಗಾಲದ ಗುಂಡಿಗಳಲ್ಲಿ ಕುಣಿದರೆ ಪಂಪು ತನ್ನ ಸ್ಪ್ರಿಂಗಿನಿಂದ ಜಾರಬಹುದು, ಒಳಗಿನ ಸಣ್ಣ ಪೈಪು ಮುರಿಯಬಹುದು. ಇದು ರಿಪೇರಿಯಾಗುವ ತೊಂದರೆಯಲ್ಲ, ಕಂಪ್ರೆಸರನ್ನೇ ಬದಲಿಸಬೇಕು. ಮೂರನೆಯದು ಹೊರಗಿನ ಪೈಪು. ಸಾಗಿಸುವವರು ಹಿಂದಿನ ಜಾಲರಿಯನ್ನೋ ಕಂಪ್ರೆಸರಿನ ಪೈಪನ್ನೋ ಹಿಡಿದು ಎತ್ತುತ್ತಾರೆ, ಬೆಸುಗೆಯ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಮನೆ ಬದಲಿಸಿದ ಮೇಲೆ ನಿಜವಾಗಿ ಗ್ಯಾಸ್ ಹೋಗಿದ್ದರೆ ಬಹುಪಾಲು ಕಾರಣ ಇದೇ, ಮಲಗಿಸಿದ್ದಲ್ಲ.

ನಿಮ್ಮ ಅಳತೆಯ ಡಬಲ್ ಡೋರ್ ಎತ್ತರದಲ್ಲಿ ಸುಮಾರು ಒಂದೂವರೆ ಮೀಟರ್, ತೂಕದಲ್ಲಿ 45ರಿಂದ 55 ಕಿಲೋ ಇರುತ್ತದೆ. ಇಷ್ಟು ಎತ್ತರದ ವಸ್ತು ಸಣ್ಣ ಟೆಂಪೋದಲ್ಲೂ ನಿಂತೇ ಹೋಗಬಲ್ಲದು. ಮಲಗಿಸುವುದು ಅವರಿಗೆ ಸಾಮಾನು ಪೇರಿಸಲು ಅನುಕೂಲ, ಅಷ್ಟೇ. ಬುಕಿಂಗ್ ಚೀಟಿಯಲ್ಲೇ ‘ಫ್ರಿಜ್ ನಿಲ್ಲಿಸಿ ಒಯ್ಯಬೇಕು’ ಎಂದು ಬರೆಸಿಕೊಳ್ಳಿ. ಗಾಡಿಯಲ್ಲಿ ಅದನ್ನು ಡ್ರೈವರ್ ಕ್ಯಾಬಿನ್ನಿನ ಗೋಡೆಗೆ ಒತ್ತಿ ನಿಲ್ಲಿಸಿ, ಹಿಂಬದಿಗೆ ಹಾಸಿಗೆಯನ್ನು ಅಡ್ಡ ಕೊಟ್ಟು, ಎರಡು ಎತ್ತರದಲ್ಲಿ ಅಗಲ ಪಟ್ಟಿಯಿಂದ ಬಿಗಿಯಬೇಕು. ತೆಳು ಹಗ್ಗ ಬಿಗಿದರೆ ಬಾಗಿಲಿನ ತಗಡು ಒಳಗೆ ಹೋಗುತ್ತದೆ. ಗಾಡಿ ತೆರೆದದ್ದಾದರೆ ತಾಡಪತ್ರಿ ಹೊದಿಸುವುದನ್ನು ಮರೆಯಬೇಡಿ. ಮೆಟ್ಟಿಲಿನಲ್ಲಿ, ಲಿಫ್ಟಿನ ಬಾಗಿಲಿನಲ್ಲಿ 45 ಡಿಗ್ರಿವರೆಗೆ ಓರೆ ಮಾಡಬಹುದು. ಹತ್ತು ನಿಮಿಷದ ಓರೆಯಿಂದ ಏನೂ ಆಗುವುದಿಲ್ಲ.

ಬೇರೆ ದಾರಿಯೇ ಇಲ್ಲದೆ ಮಲಗಿಸಬೇಕಾದರೆ ಹಿಂಬದಿಯ ಮೇಲೂ ಬಾಗಿಲಿನ ಮೇಲೂ ಬೇಡ, ಪಕ್ಕಕ್ಕೆ ಮಲಗಿಸಿ. ಯಾವ ಪಕ್ಕ ಎಂಬುದನ್ನು ಕಂಪ್ರೆಸರ್ ನೋಡಿ ತೀರ್ಮಾನಿಸಬೇಕು: ಪೈಪುಗಳು ಹೊರಡುವ ಬದಿ ಮೇಲೆ ಬರಬೇಕು, ಆಗ ಎಣ್ಣೆ ಪೈಪಿನ ಬಾಯಿಯಿಂದ ದೂರ ನಿಲ್ಲುತ್ತದೆ. ಕೆಳಗೆ ದಪ್ಪ ಗಾದಿ ಹಾಸಿ. ಇಷ್ಟೆಲ್ಲ ಮಾಡಿದರೂ ಸ್ಪ್ರಿಂಗಿನ ಅಪಾಯ ಪೂರ್ತಿ ತಪ್ಪುವುದಿಲ್ಲ ಎನ್ನುವುದನ್ನು ತಿಳಿದೇ ಒಪ್ಪಿಕೊಳ್ಳಿ.

ಪಕ್ಕದ ಮನೆಯವರ 24 ಗಂಟೆಯ ಮಾತು ಅರ್ಧ ಸರಿ. ನಿಲ್ಲಿಸಿಯೇ ತಂದ ಫ್ರಿಜ್ಜಿಗೆ ಮೂರು-ನಾಲ್ಕು ಗಂಟೆ ಸಾಕು. ಮಲಗಿಸಿದ್ದರೆ ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನಿಲ್ಲಿಸಿಡಬೇಕು. ರಾತ್ರಿಯೆಲ್ಲ ಮಲಗಿತ್ತು ಅಥವಾ ಎಷ್ಟು ಹೊತ್ತೆಂದು ಗೊತ್ತಿಲ್ಲ ಎಂದಾದರೆ ಮಾತ್ರ ಪೂರ್ತಿ ಒಂದು ದಿನ. ಹೆಚ್ಚು ಕಾದರೆ ಹಾಲು ಕೆಟ್ಟೀತೇ ಹೊರತು ಫ್ರಿಜ್ಜಿಗೆ ಹಾನಿಯಿಲ್ಲ.

ಹೊರಡುವ ಮುನ್ನ

ಹಿಂದಿನ ರಾತ್ರಿಯೇ ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ. ಡಬಲ್ ಡೋರ್ ಫ್ರಾಸ್ಟ್ ಫ್ರೀ ಆದ್ದರಿಂದ ಐಸ್ ಕಾಣಿಸದು, ಆದರೆ ಫ್ರೀಜರಿನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಆಚೆ ಇರುತ್ತದೆ. ಅದು ಕರಗಿದ ನೀರು ಕೊಳವೆಯಲ್ಲಿ ಇಳಿದು ಕಂಪ್ರೆಸರಿನ ಮೇಲಿರುವ ಟ್ರೇಗೆ ಬರುತ್ತದೆ. ಈ ಟ್ರೇ ಖಾಲಿ ಮಾಡುವುದನ್ನೇ ಹೆಚ್ಚಿನವರು ಮರೆಯುತ್ತಾರೆ. ದಾರಿಯಲ್ಲಿ ಆ ನೀರು ಕಂಪ್ರೆಸರಿನ ಪಕ್ಕದ ರಿಲೇ (ಕಂಪ್ರೆಸರನ್ನು ಶುರು ಮಾಡಿಸುವ ಸ್ವಿಚ್) ಅಥವಾ ವೈರಿಂಗ್ ಮೇಲೆ ಚೆಲ್ಲಿದರೆ ಹೊಸ ಮನೆಯಲ್ಲಿ ಆನ್ ಮಾಡಿದೊಡನೆ ಶಾರ್ಟ್ ಆಗಬಹುದು. ಟ್ರೇ ಬಿಚ್ಚಲು ಬರದಿದ್ದರೆ ಹಳೆಯ ಹತ್ತಿಬಟ್ಟೆಯಿಂದ ನೀರು ಹೀರಿ ತೆಗೆಯಿರಿ.

ಗಾಜಿನ ಹಲಗೆ, ತರಕಾರಿ ಡಬ್ಬ, ಬಾಗಿಲಿನ ತಟ್ಟೆಗಳನ್ನು ಬಿಚ್ಚಿ ಬೇರೆ ಕಟ್ಟಿ. ಒಳಗೆ ಪೂರ್ತಿ ಒಣಗಿಸಿ. ಜುಲೈ ತಿಂಗಳ ಗಾಳಿಯಲ್ಲಿ ತೇವ ಉಳಿದ ಫ್ರಿಜ್ ಮುಚ್ಚಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಬಾಗಿಲಿಗೆ ಕಂದು ಟೇಪ್ ಅಂಟಿಸಬೇಡಿ, ಗೋಂದು ಉಳಿದು ಬಣ್ಣದ ಹೊಳಪು ಹೋಗುತ್ತದೆ. ಸುತ್ತಲು ಪ್ಲಾಸ್ಟಿಕ್ ಸ್ಟ್ರೆಚ್ ಫಿಲ್ಮ್ ಸಾಕು. ಮೇಲಿನ ಕೀಲಿನ ಬಳಿ ವೈರ್ ಹಾದಿದ್ದರೆ, ಅಂದರೆ ಬಾಗಿಲ ಮೇಲೆ ಡಿಸ್‌ಪ್ಲೇ ಇದ್ದರೆ, ಬಾಗಿಲು ಬಿಚ್ಚಲು ಹಮಾಲರಿಗೆ ಬಿಡಬೇಡಿ.

ಇನ್ನೊಂದು ಕೆಲಸವನ್ನು ಈಗಲೇ ಮಾಡಿ. ಟಾರ್ಚ್ ಹಿಡಿದು ಹಿಂದೆ ಕೆಳಗೆ, ಕಂಪ್ರೆಸರ್ ಕೂತಿರುವ ತಗಡನ್ನು ನೋಡಿ. ಮುಂಬಯಿ ಸುತ್ತಲಿನ ತೇವದ ಗಾಳಿಗೆ ಈ ತಗಡು ತುಕ್ಕು ಹಿಡಿಯುವುದು ಸಾಮಾನ್ಯ. ಮೇಲ್ಮೈ ತುಕ್ಕಾದರೆ ತೊಂದರೆಯಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ಪುಡಿಯಾಗುತ್ತಿದ್ದರೆ ಎತ್ತಿಳಿಸುವಾಗ ಕಂಪ್ರೆಸರ್ ಕಳಚಿ ಪೈಪನ್ನು ಕಿತ್ತುಕೊಂಡು ಬೀಳಬಹುದು. ಹಾಗಿದ್ದರೆ ಮೊದಲು ಕೆಳಗೆ ತಗಡಿನ ಪಟ್ಟಿ ಕೊಡಿಸಿ.

ನಿಮ್ಮ ಫ್ರಿಜ್ ಯಾವುದು ಎಂದು ತಿಳಿಯುವುದು

ಹೊರಗಿನ ಹೆಸರು ಕಂಪನಿಯದು ಮಾತ್ರ, ಅದರಿಂದ ಬಿಡಿಭಾಗ ಸಿಗುವುದಿಲ್ಲ. ಬೇಕಾದದ್ದು ರೇಟಿಂಗ್ ಪ್ಲೇಟ್. ಡಬಲ್ ಡೋರಿನಲ್ಲಿ ಅದು ಸಾಮಾನ್ಯವಾಗಿ ಕೆಳಗಿನ ಖಾನೆಯ ಪಕ್ಕದ ಗೋಡೆಯಲ್ಲಿ, ತರಕಾರಿ ಡಬ್ಬದ ಮರೆಯಲ್ಲಿ ಇರುತ್ತದೆ. ಇಲ್ಲದಿದ್ದರೆ ಹಿಂಬದಿಯಲ್ಲಿ. ಫೋಟೋ ತೆಗೆದಿಟ್ಟುಕೊಳ್ಳಿ. ಅದರಲ್ಲಿ ಮಾಡೆಲ್, ಸೀರಿಯಲ್, ವೋಲ್ಟೇಜಿನ ವ್ಯಾಪ್ತಿ, ಗ್ಯಾಸಿನ ಹೆಸರು ಮತ್ತು ತೂಕ ಗ್ರಾಂನಲ್ಲಿ ಇರುತ್ತವೆ. ಮಾಡೆಲ್ ಮತ್ತು ಸೀರಿಯಲ್ ಬೇರೆ ಬೇರೆ. ಗ್ಯಾಸ್ಕೆಟ್, ಅಂದರೆ ಬಾಗಿಲಿನ ರಬ್ಬರ್, ತರಿಸಲು ಮಾಡೆಲ್ ಕೊನೆಯ ಅಕ್ಷರದವರೆಗೂ ಬೇಕು. ತಯಾರಾದ ಕಾಲ ತಿಳಿಯಲು ಸೀರಿಯಲ್ ಬೇಕು, ಕಂಪನಿಯ ಗ್ರಾಹಕ ಸೇವೆಯವರು ಅದನ್ನು ಓದಿ ಹೇಳುತ್ತಾರೆ. ಪ್ಲೇಟ್ ಅಳಿಸಿಹೋಗಿದ್ದರೆ ಬಾಗಿಲ ಮೇಲಿನ ಸ್ಟಾರ್ ಲೇಬಲ್, ಹಳೆಯ ಬಿಲ್ಲು, ವಾರಂಟಿ ಕಾರ್ಡ್ ನೋಡಿ. ಗ್ಯಾಸ್ ಯಾವುದೆಂದು ಕಂಪ್ರೆಸರಿನ ಸ್ಟಿಕ್ಕರ್ ಕೂಡ ಹೇಳುತ್ತದೆ.

ಕಂಪ್ರೆಸರ್ ಇನ್ವರ್ಟರ್ ಮಾದರಿಯದಾದರೆ, ಅಂದರೆ ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸಿಕೊಳ್ಳುವುದಾದರೆ, ವಾರಂಟಿ ಕಾರ್ಡನ್ನು ಖಂಡಿತ ಹುಡುಕಿ. ಹಲವು ಕಂಪನಿಗಳು ಅಂಥ ಕಂಪ್ರೆಸರಿಗೆ ಹತ್ತು ವರ್ಷ ವಾರಂಟಿ ಕೊಡುತ್ತವೆ, ನಿಮ್ಮದಕ್ಕೆ ಇನ್ನೂ ಎರಡು ವರ್ಷ ಉಳಿದಿರಬಹುದು. ಹೊರಗಿನ ಮೆಕ್ಯಾನಿಕ್ ಪೈಪ್ ಕತ್ತರಿಸಿದ ಮೇಲೆ ಅದು ನಿಲ್ಲುವುದು ಕಷ್ಟ.

ಗ್ಯಾಸಿನ ಹೆಸರು ಏಕೆ ಮುಖ್ಯ ಎಂದರೆ, ಇದು ಸುರಕ್ಷತೆಯ ವಿಷಯ. ನಮ್ಮ ಮನೆಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಎರಡು: ಆರ್-134ಎ ಮತ್ತು ಆರ್-600ಎ. ಮೊದಲನೆಯದು ಹೊತ್ತಿಕೊಳ್ಳುವುದಿಲ್ಲ. ಎರಡನೆಯದು ಐಸೋಬ್ಯೂಟೇನ್, ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂರುತ್ತದೆ, ಅಡುಗೆ ಗ್ಯಾಸಿಗೆ ಬೆರೆಸುವ ವಾಸನೆಯೂ ಇದಕ್ಕಿಲ್ಲ. ಫ್ರಿಜ್ಜಿನಲ್ಲಿ ಇರುವುದು ಕೆಲವು ಹತ್ತು ಗ್ರಾಂ ಮಾತ್ರ, ಆದ್ದರಿಂದ ದಿನನಿತ್ಯದ ಬಳಕೆಗೆ ಹೆದರಬೇಕಿಲ್ಲ. ಆದರೆ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ, ಗ್ಯಾಸ್ ಇರುವ ಪೈಪಿಗೆ ಬೆಂಕಿಯ ಬರ್ನರ್ ಹಿಡಿಯುವ ಮೆಕ್ಯಾನಿಕ್‌ನನ್ನು ಅಲ್ಲೇ ತಡೆಯಿರಿ.

ಗ್ಯಾಸ್ ನಿಜವಾಗಿ ಹೋಗಿದ್ದರೆ

ಆಗ ಕೆಲಸ ಹೀಗೆ ನಡೆಯಬೇಕು. ನೈಟ್ರೋಜನ್ ತುಂಬಿ ಸಾಬೂನು ನೀರಿನಿಂದ ತೂತು ಹುಡುಕುವುದು. ತೂತು ಮುಚ್ಚಿ ತೇವ, ಕಸ ತಡೆಯುವ ಹೊಸ ಫಿಲ್ಟರ್ ಡ್ರೈಯರ್ ಹಾಕುವುದು. ವ್ಯಾಕ್ಯೂಮ್ ಪಂಪಿನಿಂದ ಕನಿಷ್ಠ ಅರ್ಧ ಗಂಟೆ ಒಳಗಿನ ಗಾಳಿ, ತೇವ ಎಳೆಯುವುದು. ಪ್ಲೇಟಿನಲ್ಲಿ ಬರೆದಷ್ಟೇ ಗ್ಯಾಸನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿ ತುಂಬುವುದು. ಕೊನೆಗೆ ತುಂಬುವ ಪೈಪಿನ ಬಾಯನ್ನು ಶಾಶ್ವತವಾಗಿ ಮುಚ್ಚುವುದು, ಗ್ಯಾಸ್ ತುಂಬಲು ಕೂರಿಸಿದ ಪಿನ್ ವಾಲ್ವ್ ಬಿಟ್ಟು ಹೋದರೆ ಅದೇ ಮುಂದಿನ ಸೋರಿಕೆ. ಆರ್-600ಎ 50 ಗ್ರಾಂ ಇರುವ ಕಡೆ ಐದು-ಹತ್ತು ಗ್ರಾಂ ವ್ಯತ್ಯಾಸವಾದರೂ ತಂಪು ಸರಿ ಬರುವುದಿಲ್ಲ. ‘ಕೈಯಂದಾಜು’ ಇಲ್ಲಿ ನಡೆಯದು.

ವ್ಯಾಕ್ಯೂಮ್ ಹಂತವನ್ನು ಬಿಡುವುದು ಮಳೆಗಾಲದಲ್ಲಿ ಎರಡು ಪಟ್ಟು ದುಬಾರಿ. ಆರ್-134ಎ ಜತೆ ಬಳಸುವ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ಆರ್-600ಎ ಫ್ರಿಜ್ಜಿನಲ್ಲಿ, ಅದು ಓಡುತ್ತಿರುವಾಗ, ತಂಪಿನ ಬದಿಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದರಿಂದ, ಆ ಬದಿಯಲ್ಲಿ ತೂತಿದ್ದರೆ ಗ್ಯಾಸ್ ಹೊರಹೋಗುವ ಬದಲು ತೇವದ ಗಾಳಿಯೇ ಒಳಸೇರುತ್ತದೆ. ಒಳಸೇರಿದ ನೀರು ಕೆಪಿಲರಿಯ ತುದಿಯಲ್ಲಿ ಹೆಪ್ಪುಗಟ್ಟುತ್ತದೆ: ಫ್ರಿಜ್ ಸ್ವಲ್ಪ ಹೊತ್ತು ತಂಪಾಗಿ ನಿಲ್ಲುತ್ತದೆ, ಆರಿಸಿಟ್ಟರೆ ಮತ್ತೆ ಸರಿಯಾಗುತ್ತದೆ, ಪುನಃ ನಿಲ್ಲುತ್ತದೆ. ಇದನ್ನೂ ‘ಗ್ಯಾಸ್ ಕಡಿಮೆ’ ಎಂದೇ ಹೇಳಿ ಇನ್ನೊಮ್ಮೆ ಹಣ ಕೇಳುವುದುಂಟು. ಕೆಲಸಕ್ಕೆ ಕೈಹಚ್ಚುವ ಮೊದಲೇ ‘ವ್ಯಾಕ್ಯೂಮ್ ಪಂಪ್ ಮತ್ತು ತಕ್ಕಡಿ ತರುತ್ತೀರಾ, ಫಿಲ್ಟರ್ ಬದಲಿಸುತ್ತೀರಾ’ ಎಂದು ಕೇಳಿ. ಇಲ್ಲ ಎಂದರೆ ಬೇರೆಯವರನ್ನು ಕರೆಯಿರಿ. ಇಷ್ಟೆಲ್ಲ ಮಾಡಿ ಕೇಳುವ ಮೂರೂವರೆ ಸಾವಿರಕ್ಕೆ ನನ್ನ ಆಕ್ಷೇಪವಿಲ್ಲ. ಡಬ್ಬಿಯಿಂದ ಗ್ಯಾಸ್ ಬಿಟ್ಟು ಹೋಗುವುದಕ್ಕೆ ಅದು ಬಹಳ ಹೆಚ್ಚು.

ವಾಕಡ್‌ನ ಮನೆಯಲ್ಲಿ

ಹೊಸ ಫ್ಲಾಟುಗಳಲ್ಲಿ ಫ್ರಿಜ್ಜಿಗೆಂದೇ ಮರದ ಗೂಡು ಮಾಡಿರುತ್ತಾರೆ, ನೋಡಲು ಚೆಂದ, ಅಳತೆ ಮಾತ್ರ ಬಹಳ ಬಿಗಿ. ಈಚಿನ ಮಾದರಿಗಳಲ್ಲಿ ಬಿಸಿ ಹೊರಹಾಕುವ ಕೊಳವೆ ಹಿಂದೆ ಕಾಣುವುದಿಲ್ಲ, ಪಕ್ಕದ ತಗಡಿನ ಒಳಗೇ ಇರುತ್ತದೆ. ಆದ್ದರಿಂದ ಪಕ್ಕಗಳಲ್ಲಿ ಐದು ಸೆಂಟಿಮೀಟರ್, ಹಿಂದೆ ಹತ್ತು ಸೆಂಟಿಮೀಟರ್ ಜಾಗ ಬಿಡಿ, ಮೇಲೂ ಗಾಳಿಯಾಡಲಿ. ಪಕ್ಕದ ತಗಡು ಮುಟ್ಟಿದರೆ ಬಿಸಿ ಎನಿಸುವುದು ದೋಷವಲ್ಲ. ಆನ್ ಮಾಡಿದ ಮೇಲೆ ಅದು ಬಿಸಿಯಾಗದೇ ಇದ್ದರೆ ಯೋಚಿಸಬೇಕು. ಮುಂದಿನ ಕಾಲುಗಳನ್ನು ಹಿಂದಿನದಕ್ಕಿಂತ ಚೂರು ಎತ್ತರಿಸಿ. ಅರ್ಧ ತೆರೆದ ಬಾಗಿಲು ತಾನೇ ಮುಚ್ಚಿಕೊಳ್ಳಬೇಕು.

ಸಾಕೆಟ್ ಫ್ರಿಜ್ಜಿಗೊಂದೇ ಇರಲಿ, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಬಾಗಿಲು ಮುಟ್ಟಿದಾಗ ಜುಮ್ಮೆನ್ನುವುದನ್ನು ಸಹಿಸಿಕೊಂಡು ಇರಬೇಡಿ. ಸ್ಟೆಬಿಲೈಸರ್ ಬೇಕೇ ಎಂಬುದನ್ನು ಪ್ಲೇಟಿನ ವೋಲ್ಟೇಜ್ ವ್ಯಾಪ್ತಿ ನೋಡಿ ನಿರ್ಧರಿಸಿ. ಮನೆಯ ವೋಲ್ಟೇಜ್ ಆ ವ್ಯಾಪ್ತಿಯೊಳಗೇ ಇದ್ದರೆ ಬೇಡ. ಕಂಪ್ರೆಸರ್ ಸಾಮಾನ್ಯ ಮಾದರಿಯದಾಗಿದ್ದು ಕರೆಂಟ್ ಹೋಗಿ ಬಂದು ಮಾಡುತ್ತಿದ್ದರೆ, ಮೂರು ನಿಮಿಷ ತಡೆದು ಕೊಡುವ ಸ್ಟೆಬಿಲೈಸರ್ ಒಳ್ಳೆಯದು. ಒಳಗಿನ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು.

ಖಾಲಿ ಫ್ರಿಜ್ಜನ್ನೇ ಆನ್ ಮಾಡಿ. ಎರಡು ಗಂಟೆಯೊಳಗೆ ಫ್ರೀಜರ್ ಸ್ಪಷ್ಟವಾಗಿ ತಣ್ಣಗಾಗಬೇಕು. ಪೂರ್ತಿ ಹದಕ್ಕೆ ಬರಲು 12ರಿಂದ 24 ಗಂಟೆ ಬೇಕು. ನಡುವಿನ ಹಲಗೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಬಿಡಿ: ಬೆಳಿಗ್ಗೆ 3ರಿಂದ 4 ಡಿಗ್ರಿ ತೋರಿಸಬೇಕು. ಫ್ರೀಜರ್ ಮೈನಸ್ 18.

ಟಿಕ್ ಎಂದು, ಸ್ವಲ್ಪ ಗುಂಯ್‌ಗುಟ್ಟಿ, ಮತ್ತೆ ಟಿಕ್ ಎಂದು ನಿಲ್ಲುತ್ತಿದ್ದರೆ ಕೂಡಲೇ ಆರಿಸಿ. ಕಂಪ್ರೆಸರ್ ಶುರುವಾಗಲಾರದೆ, ಅದನ್ನು ಕಾಯುವ ಓವರ್‌ಲೋಡ್ ಸ್ವಿಚ್ ಕರೆಂಟ್ ಕಡಿಯುತ್ತಿದೆ. ವೋಲ್ಟೇಜ್ ಕಡಿಮೆಯಿರಬಹುದು, ರಿಲೇ ಹೋಗಿರಬಹುದು. ರಿಲೇ ಅಗ್ಗದ ಬಿಡಿಭಾಗ, ಕಂಪ್ರೆಸರ್ ಹೋಗಿದೆ ಎನ್ನುವ ಮೊದಲು ಅದನ್ನು ಬದಲಿಸಿ ನೋಡಬೇಕು. ಲೋಹಕ್ಕೆ ಲೋಹ ಬಡಿದಂತೆ ಸದ್ದು ಬಂದರೆ ಸ್ಪ್ರಿಂಗ್ ಜಾರಿರಬಹುದು. ಕಂಪ್ರೆಸರ್ ಓಡುತ್ತಿದೆ, ತಂಪಿಲ್ಲ ಎಂದಾದರೆ ಆರಿಸಿ, ಇನ್ನೊಂದು ದಿನ ನಿಲ್ಲಿಸಿಟ್ಟು ಮತ್ತೆ ನೋಡಿ, ಎಣ್ಣೆ ಇಳಿದು ಸರಿಯಾಗುವ ಸಾಧ್ಯತೆ ಇದೆ. ಆಗಲೂ ತಂಪಾಗದಿದ್ದರೆ ಕಂಪನಿಯ ಸರ್ವಿಸ್‌ನವರನ್ನೇ ಕರೆಯಿರಿ.

ಮೇಲೆ ಐಸ್ ಆಗುತ್ತಿದೆ, ಕೆಳಗೆ ಮಾತ್ರ ತಂಪಿಲ್ಲ ಎಂಬ ತೊಂದರೆಯನ್ನು ಪ್ರತ್ಯೇಕವಾಗಿ ಗುರುತಿಡಿ. ಇದು ಸಾಮಾನ್ಯವಾಗಿ ಗ್ಯಾಸಿನ ತೊಂದರೆ ಅಲ್ಲವೇ ಅಲ್ಲ. ಒಳಗಿನ ಫ್ಯಾನ್ ನಿಂತಿರಬೇಕು, ಇಲ್ಲವೇ ಐಸ್ ಕರಗಿಸುವ ಹೀಟರ್ ಅಥವಾ ಸೆನ್ಸರ್ ಕೆಟ್ಟು ಹಲಗೆಯ ಹಿಂದೆ ಐಸ್ ತುಂಬಿ ಗಾಳಿಯ ದಾರಿ ಮುಚ್ಚಿರಬೇಕು. ಸ್ವಿಚ್ ಆರಿಸಿ ಒಂದು ದಿನ ಬಾಗಿಲು ತೆರೆದಿಡಿ. ಮತ್ತೆ ಹಾಕಿದಾಗ ಕೆಲವು ದಿನ ಸರಿಯಾಗಿ ನಡೆದು ಪುನಃ ಹಾಗೇ ಆದರೆ ಐಸ್ ಕರಗಿಸುವ ವ್ಯವಸ್ಥೆಯದೇ ದೋಷ. ಹಲವು ಮಾದರಿಗಳಲ್ಲಿ ಫ್ರೀಜರಿನ ಒಳಗಿನ ಗುಂಡಿಯನ್ನು ತೀರಾ ಹೆಚ್ಚಿನ ತಂಪಿಗೆ ತಿರುಗಿಸಿದರೂ ಕೆಳಗೆ ಗಾಳಿ ಕಡಿಮೆಯಾಗುತ್ತದೆ. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಅದು ತಿರುಗಿರಬಹುದು, ಮೊದಲು ಅದನ್ನೇ ನೋಡಿ.

ಹರಿದ ರಬ್ಬರನ್ನು ಪುಣೆಗೆ ಹೋದ ಮೇಲೆಯೇ ಬದಲಿಸಿ, ಸಾಗಿಸುವಾಗ ಹೊಸದೂ ಹಾಳಾಗಬಹುದು. ಗಾಡಿಯಲ್ಲಿ ಒತ್ತಿ ಸೊಟ್ಟಗಾದ ರಬ್ಬರನ್ನು ಬಿಸಿ ನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿ ಆಕಾರಕ್ಕೆ ತರಬಹುದು, ಹರಿದದ್ದನ್ನು ಅಂಟಿಸಿ ಪ್ರಯೋಜನವಿಲ್ಲ. ಹೊಸದು ಹಾಕಿದ ಮೇಲೆ ಬಾಗಿಲಿನ ನಾಲ್ಕೂ ಬದಿಯಲ್ಲಿ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ. ಬಿಗಿ ಇಲ್ಲದೆ ಜಾರಿ ಬಂದರೆ ಅಲ್ಲಿ ಕೂತಿಲ್ಲ.

ಟ್ರೇ ನೀರಿನ ಮಾತು ಇನ್ನೊಮ್ಮೆ, ಏಕೆಂದರೆ ಡೆಂಗ್ಯೂ ಹರಡುವ ಸೊಳ್ಳೆ ಈ ಟ್ರೇಗಳಲ್ಲೂ ಮೊಟ್ಟೆಯಿಡುತ್ತದೆ. ಮಳೆಗಾಲದಲ್ಲಿ ನೀರು ಬೇಗ ಆರುವುದಿಲ್ಲ. ವಾರಕ್ಕೊಮ್ಮೆ ಖಾಲಿ ಮಾಡಿ ಬ್ರಷ್ಷಿನಿಂದ ತಿಕ್ಕಿ, ಮೊಟ್ಟೆಗಳು ಅಂಚಿಗೆ ಅಂಟಿರುತ್ತವೆ.

ಅತ್ತೆಯವರ ಫ್ರಿಜ್

ಸಿಂಗಲ್ ಡೋರಿನಲ್ಲಿ ಐಸ್ ಕಟ್ಟುವುದು ಸಹಜ. ಗಡ್ಡೆಯಾಗುವುದಕ್ಕೆ ಕಾರಣ ಸಡಿಲ ರಬ್ಬರ್, ಮುಚ್ಚದೆ ಇಟ್ಟ ಬಿಸಿ ಸಾರು, ಮತ್ತು ಡೊಂಬಿವಲಿಯ ತೇವದ ಗಾಳಿ. ಐಸ್ ಅರ್ಧ ಸೆಂಟಿಮೀಟರ್ ಆದಾಗ ಗುಂಡಿಯ ನಡುವಿನ ಡಿಫ್ರಾಸ್ಟ್ ಒತ್ತಬೇಕು. ಚಾಕು, ಸೌಟು, ಸ್ಕ್ರೂಡ್ರೈವರ್ ಮುಟ್ಟಿಸಲೇಬೇಡಿ. ಐಸ್ ಖಾನೆಯ ಅಲ್ಯುಮಿನಿಯಂ ಗೋಡೆಯ ಒಳಗೇ ಗ್ಯಾಸ್ ಹರಿಯುತ್ತದೆ, ಒಂದು ಚುಚ್ಚಿಗೆ ಫ್ರಿಜ್ ಮುಗಿದಂತೆ.

ತಳದ ತಗಡು ಗಟ್ಟಿಯಿದ್ದು, ಥರ್ಮಾಮೀಟರ್ ಪರೀಕ್ಷೆಯಲ್ಲಿ 4 ಡಿಗ್ರಿ ಬರುತ್ತಿದ್ದರೆ ಒಯ್ಯಿರಿ, ಹಿಂದಿನ ಜಾಲರಿಯನ್ನು ಯಾರೂ ಹಿಡಿಯದಂತೆ ನೋಡಿಕೊಳ್ಳಿ. ತುಕ್ಕು ತಿಂದಿದ್ದರೆ ಅಥವಾ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದ್ದರೆ ಬೇಡ, ಸಾಗಿಸುವ ಖರ್ಚೂ ಕರೆಂಟಿನ ಖರ್ಚೂ ಸೇರಿ ಹಾಳು. ಎರಡು ಫ್ರಿಜ್ ನಡೆಸುವ ವೆಚ್ಚವನ್ನು ಅತ್ತೆಯವರಿಗೆ ಲೆಕ್ಕದಲ್ಲಿ ತೋರಿಸಿ: ವರ್ಷಕ್ಕೆ 300 ಯೂನಿಟ್ ಎಳೆದರೆ, ಯೂನಿಟ್ಟಿಗೆ ಹತ್ತು ರೂಪಾಯಿಯಂತೆ ಮೂರು ಸಾವಿರ. ಬಿಡುವುದೆಂದು ತೀರ್ಮಾನವಾದರೆ ಭಂಗಾರ್‌ವಾಲಾಗೆ, ಅಂದರೆ ಗುಜರಿಯವರಿಗೆ, ಕೊಡಬೇಡಿ. ಅವರು ತಾಮ್ರಕ್ಕಾಗಿ ಪೈಪ್ ಕತ್ತರಿಸಿ ಗ್ಯಾಸನ್ನು ಗಾಳಿಗೆ ಬಿಡುತ್ತಾರೆ. ಹಳೆಯ ಫ್ರಿಜ್ ಇ-ತ್ಯಾಜ್ಯ ನಿಯಮದಡಿ ಬರುತ್ತದೆ, ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ವಾಪಸು ಪಡೆಯುವ ವ್ಯವಸ್ಥೆ ಕೇಳಿ, ಅಥವಾ ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಟ್ಟು ರಸೀದಿ ಪಡೆಯಿರಿ. ಅವರು ಬರುವವರೆಗೆ ಬಾಗಿಲನ್ನು ಕಳಚಿಯೋ ಕಟ್ಟಿಯೋ ಇಡಿ, ಸೊಸೈಟಿಯ ಮಕ್ಕಳು ಆಟಕ್ಕೆ ಒಳಗೆ ಹೊಕ್ಕರೆ ಬಾಗಿಲು ಒಳಗಿನಿಂದ ತೆರೆಯದೇ ಹೋಗಬಹುದು.